ಒಂದು ವರ್ಷ ತುಂಬದವರು: ತೆಂಗಿನ ಸೀಮೆಯ ಶಿಶುಮರಣದ ಚರಿತ್ರೆ

ತುಮಕೂರು ಜಿಲ್ಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನು ಕಲ್ಪತರು ನಾಡೆಂದು ಕರೆಯುವುದು ವಾಡಿಕೆ. ಕೆರೆಯ ಕೆಳಗಿನ ತಗ್ಗಿನಲ್ಲಿ ತೆಂಗು, ಅದರಾಚೆಯ ಬೆದ್ದಲಿನಲ್ಲಿ ರಾಗಿ ಮತ್ತು ಹುರುಳಿ, ಇನ್ನೂ ಆಚೆಗೆ ಕುರಿ ಮೇಯುವ ಕಾವಲು ಎಂಬಂತೆ ಇಲ್ಲಿನ ನೆಲ ಮೂರು ಬಗೆಯಾಗಿ ಹರಡಿಕೊಂಡಿದ್ದು, ವಸತಿಯೂ ಅದಕ್ಕೆ ತಕ್ಕಂತೆ ತೋಟವಿದ್ದವರ ಊರು, ಕೂಲಿಯವರ ಕೇರಿ, ಕುರಿ ಸಾಕುವವರ ಹಟ್ಟಿ ಎಂದು ಮೂರಾಗಿ ಬೆಳೆಯಿತು. ಈ ಮೂರರ ನಡುವಿನ ದೂರ ಹೆಚ್ಚಿನ ಕಡೆ ಒಂದು ಕೂಗಳತೆಯಷ್ಟೇ ಆದರೂ, ಒಂದೇ ತಿಂಗಳಲ್ಲಿ ಹುಟ್ಟಿದ ಮೂರು ಕೂಸುಗಳು ಮುಂದಿನ ವರ್ಷದ ಅದೇ ತಿಂಗಳನ್ನು ಕಾಣುವ ಸಾಧ್ಯತೆ ಮೂರೂ ಕಡೆ ಒಂದೇ ಆಗಿರಲಿಲ್ಲ. ಆ ಅಂತರ ಎಷ್ಟಿತ್ತು ಎನ್ನುವುದಕ್ಕಿಂತ ಅದು ಯಾವಾಗ ಮತ್ತು ಏಕೆ ಹಿಗ್ಗಿತು ಎಂಬುದೇ ಈ ಸೀಮೆಯ ಚರಿತ್ರೆಯಲ್ಲಿ ಹೆಚ್ಚು ವಿಚಾರಾರ್ಹವಾದ ಪ್ರಶ್ನೆ.

ಒಂದು ವರ್ಷದಲ್ಲಿ ಜೀವಂತವಾಗಿ ಹುಟ್ಟಿದ ಪ್ರತಿ 1000 ಮಕ್ಕಳಿಗೆ, ಒಂದು ವರ್ಷ ತುಂಬುವ ಮೊದಲೇ ತೀರಿಕೊಂಡವರು ಎಷ್ಟು ಎಂಬ ಲೆಕ್ಕವನ್ನು ಶಿಶುಮರಣ ಪ್ರಮಾಣ ಎನ್ನುತ್ತಾರೆ. ಅದರೊಳಗೆ ಮೊದಲ 28 ದಿನಗಳ ಸಾವುಗಳನ್ನು ಮಾತ್ರ ಬೇರೆ ತೆಗೆದರೆ ಅದು ನವಜಾತ ಶಿಶುಮರಣ. ತಿಪಟೂರಿನ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹೆಚ್ಚುಕಡಿಮೆ ಒಂದು ವರ್ಷ ಅಲುಗಿಸದೆ ಇಡುತ್ತಾರೆ, ಒಳಗಿನ ನೀರು ತಾನಾಗಿ ಇಂಗಬೇಕು. ಅಟ್ಟಕ್ಕೆ ಏರಿಸಿದ ಕಾಯಿ ಎಷ್ಟು, ಕೊಬ್ಬರಿಯಾಗಿ ಇಳಿದದ್ದೆಷ್ಟು, ಕೆಟ್ಟದ್ದೆಷ್ಟು ಎಂಬ ಲೆಕ್ಕ ತೋಟದ ಮನೆಗಳಲ್ಲಿ ಎಂದೂ ತಪ್ಪಿದ್ದಿಲ್ಲ. ಅದೇ ಅವಧಿಯಲ್ಲಿ ಅಟ್ಟದ ಕೆಳಗೆ ಹುಟ್ಟಿ ಇಲ್ಲವಾದ ಮಕ್ಕಳ ಲೆಕ್ಕ ಮಾತ್ರ ಬಹುಕಾಲ ಯಾರ ಪುಸ್ತಕದಲ್ಲೂ ಸರಿಯಾಗಿ ಸಿಗುವುದಿಲ್ಲ.

ಈ ಸೀಮೆ ಸೇರಿದ್ದ ಮೈಸೂರು ಸಂಸ್ಥಾನದಲ್ಲಿ ಮೊದಲ ಜನಗಣತಿ ನಡೆದದ್ದು 1871ರಲ್ಲಿ. ಆಗ 50,55,412 ಇದ್ದ ಜನಸಂಖ್ಯೆ 1881ರ ಎರಡನೆಯ ಗಣತಿಯ ವೇಳೆಗೆ 41,86,188ಕ್ಕೆ ಇಳಿದಿತ್ತು. ನಡುವೆ ಬಂದದ್ದು ಧಾತು ಮತ್ತು ಈಶ್ವರ ಸಂವತ್ಸರಗಳ ಬರ, ಅಂದರೆ 1876ರಿಂದ 1878ರವರೆಗಿನ ಮಹಾಕ್ಷಾಮ. ಕ್ಷಾಮದಲ್ಲಿ ಮೊದಲು ಇಲ್ಲವಾಗುವವರು ಹಾಲು ಕುಡಿಯುವ ಕೂಸುಗಳು ಮತ್ತು ಮುದುಕರು. ತಾಯಿಯ ಎದೆ ಬತ್ತಿದ ಮೇಲೆ ಕೂಸಿಗೆ ಬೇರೆ ಆಹಾರವಿಲ್ಲ, ಜೊತೆಗೆ ಹಸಿದ ಹೆಂಗಸರು ಬಸುರಾಗುವುದೂ ಕಡಿಮೆಯಾಗುತ್ತದೆ. ಹೀಗಾಗಿ 1881ರ ಗಣತಿಯಲ್ಲಿ ಸಣ್ಣ ಮಕ್ಕಳ ವಯೋಗುಂಪು ತೀರ ತೆಳುವಾಗಿ ಕಂಡಿತು. ಬರಕ್ಕೆ ಬಲಿಯಾದವರಲ್ಲಿ ಹೆಚ್ಚಿನವರು ದಿನಗೂಲಿಯವರು, ಕಸುಬುದಾರರು ಮತ್ತು ಮಳೆಯನ್ನೇ ನಂಬಿದ ಬೆದ್ದಲಿನ ಸಣ್ಣ ಒಕ್ಕಲುಗಳು. ಕೆರೆಯ ಕೆಳಗಿನ ತಗ್ಗಿನಲ್ಲಿ ನಿಂತ ತೆಂಗು ಒಂದು ವರ್ಷದ ಬರವನ್ನು ತಾಳಿಕೊಳ್ಳುತ್ತದೆ, ರಾಗಿ ತಾಳುವುದಿಲ್ಲ. ಮರವಿದ್ದವನಿಗೂ ಹೊಲವಷ್ಟೇ ಇದ್ದವನಿಗೂ ಏನೂ ಇಲ್ಲದವನಿಗೂ ಬರದ ಅರ್ಥ ಬೇರೆ ಬೇರೆಯಾಗಿರುವುದಕ್ಕೆ ಇದಕ್ಕಿಂತ ಸರಳವಾದ ಕಾರಣ ಬೇಕಿಲ್ಲ.

ಬರ ಕಳೆದು, ಬೆಂಗಳೂರಿನಿಂದ ತುಮಕೂರಿಗೆ 1884ರಲ್ಲಿ ಬಂದ ರೈಲು 1889ರ ಹೊತ್ತಿಗೆ ತಿಪಟೂರು, ಅರಸೀಕೆರೆಗಳನ್ನು ಹಾದು ಹರಿಹರ ಮುಟ್ಟಿತು. ಅದುವರೆಗೆ ಹೊನ್ನವಳ್ಳಿಯ ಹೆಸರಿನಲ್ಲಿದ್ದ ತಾಲ್ಲೂಕಿಗೆ ತಿಪಟೂರು ಕೇಂದ್ರವಾದದ್ದೂ ಆ ದಶಕದಲ್ಲೇ. ಕೊಬ್ಬರಿ ದೂರದ ಪೇಟೆಗಳಿಗೆ ಹೋಗತೊಡಗಿ, ತೋಟವಿದ್ದ ಮನೆಗಳಿಗೆ ನಗದು ಬಂತು. ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ರೈಲು ತಾಕಲಿಲ್ಲ.

ಸಂಸ್ಥಾನದ ಹಳ್ಳಿಗಳಲ್ಲಿ ಜನನ ಮರಣಗಳನ್ನು ಬರೆದಿಡಬೇಕಾದವನು ಪಟೇಲ. ಕಂದಾಯದ ಲೆಕ್ಕದಲ್ಲಿ ಒಂದು ಗುಂಟೆ ತಪ್ಪಿದರೆ ಕೇಳುವವರಿದ್ದರು. ಕೇರಿಯಲ್ಲಿ ಒಂಬತ್ತು ದಿನದ ಕೂಸೊಂದು ಹೋದದ್ದನ್ನು ಬರೆಯದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹೆಣ ಸುಡುವ ಜಾತಿಗಳಲ್ಲಿಯೂ ಎಳೆಯ ಕೂಸನ್ನು ಹೂಳುವುದೇ ರೂಢಿ, ಅದಕ್ಕೆ ದೊಡ್ಡವರ ಸಾವಿನ ವಿಧಿಗಳಿಲ್ಲ, ಹೆಸರಿಡುವ ಮೊದಲೇ ತೀರಿದ್ದರೆ ಬರೆಯಲು ಹೆಸರೂ ಇಲ್ಲ. ಇಂಥ ಮಗು ಎಷ್ಟೋ ಸಲ ಹುಟ್ಟಿನ ಪಟ್ಟಿಯಲ್ಲೂ ಸಾವಿನ ಪಟ್ಟಿಯಲ್ಲೂ ಸೇರದೆ ಹೋಗುತ್ತಿತ್ತು. ಆದ್ದರಿಂದ ಹಳೆಯ ವರದಿಗಳಲ್ಲಿ ಶಿಶುಮರಣ ಕಡಿಮೆಯೆಂದು ಕಂಡ ಕಡೆ ಮಕ್ಕಳು ಬದುಕಿದ್ದರೆಂದು ತಿಳಿಯುವ ಬದಲು, ಬರೆಯುವವರು ಇರಲಿಲ್ಲವೆಂದು ತಿಳಿಯುವುದು ಹೆಚ್ಚು ಸುರಕ್ಷಿತ.

ಇಂಗ್ಲೆಂಡಿನಲ್ಲಿ 1911ರ ಸುಮಾರಿಗೆ ಸಾವುಗಳನ್ನು ತಂದೆಯ ಕಸುಬಿನ ಪ್ರಕಾರ ವಿಂಗಡಿಸಿ ನೋಡಲಾಯಿತು. ವಕೀಲರು, ವೈದ್ಯರು ಮುಂತಾದ ಮೇಲ್ವರ್ಗದ ಮನೆಗಳಲ್ಲಿ ಸಾವಿರಕ್ಕೆ ಸುಮಾರು 76 ಶಿಶುಗಳು ಸತ್ತರೆ, ಕುಶಲರಲ್ಲದ ಕೂಲಿಯವರ ಮನೆಗಳಲ್ಲಿ ಆ ಸಂಖ್ಯೆ ಸುಮಾರು 152, ಅಂದರೆ ಬರೋಬ್ಬರಿ ಎರಡರಷ್ಟು. ಆದರೆ ಇದಕ್ಕೆ ಕೆಲವೇ ವರ್ಷ ಹಿಂದಿನ ಅಮೆರಿಕದ 1900ರ ಜನಗಣತಿಯನ್ನು ಮರುಪರಿಶೀಲಿಸಿದ ಸ್ಯಾಮ್ಯುಯೆಲ್ ಪ್ರೆಸ್ಟನ್ ಮತ್ತು ಮೈಕೆಲ್ ಹೇನ್ಸ್ ಎಂಬ ವಿದ್ವಾಂಸರಿಗೆ ಬೇರೆಯೇ ಸಂಗತಿ ಕಂಡಿತು: ಅಲ್ಲಿ ವೈದ್ಯರ ಸ್ವಂತ ಮಕ್ಕಳ ಮರಣ ಪ್ರಮಾಣವೂ ದೇಶದ ಸರಾಸರಿಗಿಂತ ಕೇವಲ ನೂರಕ್ಕೆ ಆರರಷ್ಟು ಕಡಿಮೆಯಿತ್ತು. ಮಗುವನ್ನು ಉಳಿಸುವ ವಿದ್ಯೆ ವೈದ್ಯನಿಗೇ ಸರಿಯಾಗಿ ತಿಳಿಯದ ಕಾಲದಲ್ಲಿ ಹಣ, ಓದು, ಅಂತಸ್ತುಗಳಿಂದ ಕೊಳ್ಳಬಹುದಾದದ್ದು ಸ್ವಲ್ಪವೇ. ವಿದ್ಯೆ ಬಂದ ಮೇಲೆ ಅದು ಮೊದಲು ಯಾರ ಮನೆ ಹೊಕ್ಕಿತು, ಕೊನೆಗೆ ಯಾರ ಮನೆ ಹೊಕ್ಕಿತು ಎಂಬುದರಿಂದ ಅಂತರ ಹಿಗ್ಗಿತು. ಬಡವರ ಮಕ್ಕಳ ಹೆಚ್ಚಿನ ಸಾವನ್ನು ಪುರಾತನ ಕಾಲದ ಉಳಿಕೆ ಎಂದು ನೋಡುವ ಅಭ್ಯಾಸಕ್ಕೆ ಈ ಹೋಲಿಕೆ ಒಳ್ಳೆಯ ಮದ್ದು. ತೆಂಗಿನ ಸೀಮೆಯ ಬಾಣಂತಿ ಕೋಣೆಯೂ ಇದನ್ನೇ ಹೇಳುತ್ತದೆ.

ಹಳೆಯ ಬಾಣಂತನದಲ್ಲಿ ಕೆಲವು ಅಪಾಯಗಳು ಜಾತಿ, ಆಸ್ತಿ ನೋಡದೆ ಎಲ್ಲರಿಗೂ ಸಮನಾಗಿದ್ದವು. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ತೋಟದ ಮನೆಗಾದರೂ ಕೇರಿಗಾದರೂ ಅವಳ ಕೈಯೇ ಗತಿ, ಆ ಕೈ ನುರಿತ ಕೈಯೂ ಆಗಿರುತ್ತಿತ್ತು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದದ್ದು ಆ ಪರಂಪರೆಗೆ ಸಂದ ಗೌರವ. ಆದರೆ ಕರುಳುಬಳ್ಳಿ ಕೊಯ್ಯುವ ಕುಡುಗೋಲನ್ನೋ ಚಾಕುವನ್ನೋ ಕುದಿಸಬೇಕೆಂಬುದು, ಹೊಕ್ಕುಳಿಗೆ ಬೂದಿ ಹಚ್ಚಬಾರದೆಂಬುದು ರೋಗಾಣುಗಳ ಅರಿವು ಬರುವ ಮೊದಲು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಮಣ್ಣಿನಲ್ಲೂ ಸಗಣಿಯಲ್ಲೂ ಇರುವ ಧನುರ್ವಾಯುವಿನ ರೋಗಾಣು ಹಸಿ ಹೊಕ್ಕುಳಿನ ಮೂಲಕ ಒಳಹೊಕ್ಕರೆ, ಕೆಲವೇ ದಿನಗಳಲ್ಲಿ ಕೂಸು ಮೊಲೆ ಕಚ್ಚಲಾರದೆ, ಮೈ ಬಿಲ್ಲಿನಂತೆ ಸೆಟೆದು ಸಾಯುತ್ತದೆ. ಊರಿನಲ್ಲಿ ಇಂಥ ಸೆಳವನ್ನೆಲ್ಲ ಬಾಲಗ್ರಹ ಎಂದು ಕರೆದು, ಯಂತ್ರ ಕಟ್ಟಿಸಿ, ದೃಷ್ಟಿ ತೆಗೆದು ಸುಮ್ಮನಾಗುತ್ತಿದ್ದರು. ಹೆರಿಗೆಯಾದ ಕೂಡಲೆ ಬರುವ ಗಟ್ಟಿಯಾದ ಹಳದಿ ಹಾಲು, ಅಂದರೆ ಗಿಣ್ಣು ಹಾಲು, ಕೂಸಿಗೆ ಆಗದೆಂದು ಹಿಂಡಿ ಚೆಲ್ಲುವ ರೂಢಿ ಮೇಲಿನವರಲ್ಲಿಯೂ ಕೆಳಗಿನವರಲ್ಲಿಯೂ ಇತ್ತು. ಕೂಸಿಗೆ ರೋಗನಿರೋಧಕ ಶಕ್ತಿ ತುಂಬುವ ಆ ಹಾಲನ್ನು ಚೆಲ್ಲಿ ಹರಳೆಣ್ಣೆ ನೆಕ್ಕಿಸುವುದರಲ್ಲಿ ಸಿರಿವಂತರ ಮನೆ ಒಂದು ಕೈ ಮೇಲೇ ಇದ್ದಿರಬಹುದು, ಏಕೆಂದರೆ ಅಲ್ಲಿ ಶಾಸ್ತ್ರ ಹೇಳುವ ಹಿರಿಯರು ಹೆಚ್ಚು.

ಮೊದಲ ವಾರ ಕಳೆದ ಮೇಲೆ ಮಾತ್ರ ದಾರಿಗಳು ಬೇರೆಯಾಗುತ್ತಿದ್ದವು. ತೋಟದ ಮನೆಯ ಮಗಳು ತವರಿಗೆ ಬಂದು ಮೂರು ತಿಂಗಳು, ಚೊಚ್ಚಲಾದರೆ ಐದು ತಿಂಗಳು, ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ಕೊಬ್ಬರಿ, ಬೆಲ್ಲ, ತುಪ್ಪ, ಮೆಣಸಿನ ಸಾರು, ಬೆಳ್ಳುಳ್ಳಿ ಅವಳ ಪಥ್ಯ. ಮಟ್ಟೆ, ಗರಿ ಉರಿಸಿ ಕಾಯಿಸಿದ ಹಂಡೆಯ ನೀರು, ಸಾಂಬ್ರಾಣಿ ಹೊಗೆ, ಗಾಳಿ ಸೋಕದ ಬೆಚ್ಚನೆಯ ಕೋಣೆ ಕೂಸಿಗೆ. ಅದೇ ಕೊಬ್ಬರಿಯನ್ನು ಕೂಲಿಗೆ ಒಡೆಯುವವಳ, ಕಾಯಿ ಸುಲಿಯುವವನ ಹೆಂಡತಿಯ, ಮಟ್ಟೆ ಬಡಿದು ನಾರು ತೆಗೆಯುವವಳ ಪಥ್ಯ ರಾಗಿ ಹಿಟ್ಟು ಮತ್ತು ಕಾರದ ಸಾರು. ಬಾಣಂತನ ಎಂದರೆ ಅವಳ ಮನೆಯಲ್ಲಿ ಕೂಲಿ ನಿಂತ ದಿನಗಳು, ಅವು ಹೆಚ್ಚು ದಿನ ನಡೆಯುವಂತಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಕೆಲಸಕ್ಕೆ ಹೊರಟರೆ ಕೂಸು ಸೀರೆಯ ಜೋಲಿಯಲ್ಲಿ, ಆರೇಳು ವರ್ಷದ ಅಕ್ಕನ ಕಾವಲಿನಲ್ಲಿ. ಹಾಲೂಡುವುದು ಬೆಳಿಗ್ಗೆ ಒಮ್ಮೆ, ಬಂದ ಮೇಲೆ ಒಮ್ಮೆ. ನಡುವೆ ಕುಡಿಸುವ ನೀರು ಯಾವ ಬಾವಿಯದು ಎಂಬುದನ್ನು ಜಾತಿ ಗೊತ್ತುಮಾಡುತ್ತಿತ್ತು. ಊರ ಬಾವಿಗೆ ಬಿಂದಿಗೆ ಇಳಿಸಲು ಅವಕಾಶವಿಲ್ಲದ ಕೇರಿಯವರಿಗೆ ಹಳ್ಳದ ಒರತೆ, ಕೆರೆಯ ಅಂಚು. ಬೇಸಿಗೆಯಲ್ಲಿ ಕೂಸುಗಳನ್ನು ಒಯ್ಯುವ ವಾಂತಿಭೇದಿ ದೇವರ ಕೋಪದಂತೆ ಕಂಡರೂ, ಅದು ಬಾವಿಯ ಕಟ್ಟೆಯನ್ನು ಕಂಡೇ ನಡೆಯುತ್ತಿತ್ತು.

ಸಂಸ್ಥಾನದ ಸರ್ಕಾರ ಈ ವಿಷಯದಲ್ಲಿ ಸುಮ್ಮನಿರಲಿಲ್ಲ. ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಸಲಹೆ, ನೆರವುಗಳೊಂದಿಗೆ 1929ರಲ್ಲಿ ಪ್ರತ್ಯೇಕ ಸಾರ್ವಜನಿಕ ಆರೋಗ್ಯ ಇಲಾಖೆ ರೂಪುಗೊಂಡಿತು, ಇಂದು ರಾಮನಗರವೆನ್ನುವ ಕ್ಲೋಸ್‌ಪೇಟೆಯಲ್ಲಿ 1936ರಲ್ಲಿ ಗ್ರಾಮೀಣ ಆರೋಗ್ಯ ಘಟಕ ಆರಂಭವಾಯಿತು, ಬೆಂಗಳೂರಿನ ವಾಣಿ ವಿಲಾಸ ಹೆರಿಗೆ ಆಸ್ಪತ್ರೆ 1935ರಲ್ಲಿ ತೆರೆಯಿತು. ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಸಾವಿರಕ್ಕೆ 162 ಶಿಶುಗಳು ಸಾಯುತ್ತಿದ್ದವೆಂದು, ಅದೇ ವರ್ಷ ಇಂಗ್ಲೆಂಡಿನಲ್ಲಿ 58 ಎಂದು, 1946ರ ಭೋರ್ ಸಮಿತಿ ವರದಿ ಬರೆದ ಕಾಲದಲ್ಲಿ ಮೈಸೂರಿನ ಈ ಕೆಲಸ ಮುಂದುವರಿದದ್ದೆಂದೇ ಹೇಳಬೇಕು. ಆದರೆ ಪ್ರಯೋಗ ನಡೆದದ್ದು ರಾಜಧಾನಿಗೆ ಹತ್ತಿರವಾದ, ರೈಲು ಮುಟ್ಟುವ ಊರುಗಳಲ್ಲಿ. ತರಬೇತಿ ಪಡೆದ ದಾದಿ, ಕುದಿಸಿದ ಕತ್ತರಿ, ಸಿಡುಬಿನ ಲಸಿಕೆ ಇವು ಪಟ್ಟಣದಿಂದ ಊರಿಗೆ, ಊರಿನಿಂದ ಕೇರಿಗೆ, ಕೇರಿಯಿಂದ ಹಟ್ಟಿಗೆ ಎಂಬ ಕ್ರಮದಲ್ಲೇ ನಡೆದವು, ಪ್ರತಿ ಹೆಜ್ಜೆಗೂ ವರ್ಷಗಟ್ಟಲೆ ಹಿಡಿಯಿತು. ಅಂತರ ಹಿಗ್ಗಿದ್ದು ಈ ವರ್ಷಗಳಲ್ಲಿ.

ಸ್ವಾತಂತ್ರ್ಯಾನಂತರ ಲೆಕ್ಕ ಸುಧಾರಿಸಿತು. ಆಯ್ದ ಗ್ರಾಮಗಳಲ್ಲಿ ಒಬ್ಬರು ನಿರಂತರವಾಗಿ ಬರೆದ ಜನನ ಮರಣಗಳನ್ನು ಇನ್ನೊಬ್ಬರು ಆರು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ತಾಳೆ ನೋಡುವ ಮಾದರಿ ನೋಂದಣಿ ಪದ್ಧತಿ 1970ರ ಹೊತ್ತಿಗೆ ದೇಶದಲ್ಲೆಲ್ಲ ನೆಲೆಗೊಂಡು, ಪಟೇಲನ ಪುಸ್ತಕ ನುಂಗಿದ್ದ ಸಾವುಗಳು ಅಂಕಿಗಳಾಗಿ ಹೊರಬಂದವು. ಇದರ ಪ್ರಕಾರ ಕರ್ನಾಟಕದ ಶಿಶುಮರಣ ಪ್ರಮಾಣ 1981ರಲ್ಲಿ 69, ಆಗ ದೇಶದ ಪ್ರಮಾಣ 110. ಹತ್ತು ವರ್ಷದ ನಂತರ, 1991ರಲ್ಲಿ, ದೇಶದ್ದು 80ಕ್ಕೆ ಇಳಿದಾಗ ಕರ್ನಾಟಕದ್ದು 77ಕ್ಕೆ ಏರಿ ನಿಂತಿತ್ತು. ಸುಲಭವಾಗಿ ತಲುಪಬಹುದಾದ ಮನೆಗಳ ಸಾವುಗಳು ಮೊದಲೇ ಇಳಿದಿದ್ದು, ಉಳಿದವು ತಲುಪಲು ಕಷ್ಟವಾದ ಮನೆಗಳಲ್ಲಿ ಇದ್ದದ್ದು ಪ್ರಮಾಣ ಇಳಿಯದೆ ಹೋದದ್ದಕ್ಕೆ ಒಂದು ಕಾರಣವೆಂದು ತರ್ಕಿಸಬಹುದು.

ವಿಶ್ವಬ್ಯಾಂಕ್ ಮತ್ತು ಸ್ವೀಡನ್ನಿನ ನೆರವಿನ ಭಾರತ ಜನಸಂಖ್ಯಾ ಯೋಜನೆ 1973ರಲ್ಲಿ ತುಮಕೂರೂ ಸೇರಿದ ಬೆಂಗಳೂರು ವಿಭಾಗಕ್ಕೆ ಬಂತು. ಅದರ ಜೊತೆಗೆ ಬೆಂಗಳೂರಿನಲ್ಲಿ ಜನಸಂಖ್ಯಾ ಕೇಂದ್ರವೂ ಹುಟ್ಟಿತು. ಆ ಕೇಂದ್ರದ ಪಿ.ಎಚ್. ರೆಡ್ಡಿಯವರು ಆಸ್ಟ್ರೇಲಿಯದ ಜಾನ್ ಕಾಲ್ಡ್‌ವೆಲ್ ಮತ್ತು ಪ್ಯಾಟ್ ಕಾಲ್ಡ್‌ವೆಲ್ ದಂಪತಿಯೊಡನೆ ದಕ್ಷಿಣ ಕರ್ನಾಟಕದ ಹಳ್ಳಿಗಳಲ್ಲಿ ವರ್ಷಗಳ ಕಾಲ ನಡೆಸಿದ ಅಧ್ಯಯನ ಅಂಕಿಗಳ ಹಿಂದಿನ ಮನೆಯೊಳಗನ್ನು ತೋರಿಸಿತು. ಓದಿದ ತಾಯಿಯ ಮಕ್ಕಳು ಹೆಚ್ಚು ಬದುಕುವುದು ಆಕೆಗೆ ರೋಗಗಳ ಹೆಸರು ಗೊತ್ತಿರುವುದರಿಂದಷ್ಟೇ ಅಲ್ಲ. ಓದದ ಸೊಸೆ ಕೂಸಿನ ಮೈ ಸುಡುತ್ತಿರುವುದನ್ನು ಮೊದಲು ತಾನೇ ಕಂಡರೂ, ಅತ್ತೆ ಮಾವಂದಿರ ಮುಂದೆ ಅದನ್ನು ಎತ್ತಿ ಹೇಳುವುದು ತನ್ನ ಸ್ಥಾನವಲ್ಲವೆಂದು ಕಾಯುತ್ತಿದ್ದಳು. ಶಾಲೆಗೆ ಹೋಗಿ ಬಂದ ಸೊಸೆ ಹೇಳುತ್ತಿದ್ದಳು, ಹೇಳಿದರೆ ಹಿರಿಯರೂ ಒಪ್ಪುತ್ತಿದ್ದರು, ಡಾಕ್ಟರ ಬಳಿ ಹೋಗುತ್ತಿದ್ದಳು, ಗುಣವಾಗದಿದ್ದರೆ ಮತ್ತೆ ಹೋಗುತ್ತಿದ್ದಳು. ವಾಂತಿಭೇದಿಯಲ್ಲಿ ಬಾಡುವ ಕೂಸಿಗೆ ಹೀಗೆ ಕಾಯದೆ ಉಳಿಸಿದ ಅರ್ಧ ದಿನವೇ ಆಯುಷ್ಯ. ಮನೆಯೊಳಗೆ ಯಾರ ಮಾತು ನಡೆಯುತ್ತದೆ ಎಂಬುದೂ ಆಸ್ತಿಯ ಹಾಗೆಯೇ ಹಂಚಿಕೆಯಾದ ಒಂದು ವಸ್ತು.

1974ರ ಭೂಸುಧಾರಣೆ ಗೇಣಿದಾರರಿಗೆ ನೆಲ ಕೊಟ್ಟಿತಾದರೂ, ಒಡೆಯರೇ ಕೂಲಿಯಿಟ್ಟು ನೋಡಿಕೊಳ್ಳುತ್ತಿದ್ದ ತೆಂಗಿನ ತೋಟದಲ್ಲಿ ಕಾಯಿ ಸುಲಿಯುವವನು ಗೇಣಿದಾರನಲ್ಲ. ಗೊರೂರಿನ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದು ನಾಲೆ ತಿಪಟೂರು, ತುರುವೇಕೆರೆಗಳತ್ತ ಬಂದಾಗ, ಚಿಕ್ಕನಾಯಕನಹಳ್ಳಿಯ ಬಹುಭಾಗ ಕೊಳವೆಬಾವಿಯನ್ನೇ ನೆಚ್ಚಿತು. ಪ್ರಾದೇಶಿಕ ಅಸಮಾನತೆ ಕುರಿತ ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿದಾಗ ಚಿಕ್ಕನಾಯಕನಹಳ್ಳಿ ಮತ್ತು ತುರುವೇಕೆರೆ ಆ ಪಟ್ಟಿಯಲ್ಲಿದ್ದವು, ತಿಪಟೂರು ಇರಲಿಲ್ಲ. ಆ ಹೊತ್ತಿಗೆ ನುಸಿಪೀಡೆ ಬಡಿದು ಕಾಯಿ ಸಣ್ಣದಾಗಿ, ತೋಟದವರೂ ಸಾಲಕ್ಕೆ ಬಿದ್ದಿದ್ದರು. ತೋಟದವನ ಸಾಲ ಕೂಲಿಯವನ ಮನೆಯಲ್ಲಿ ಉಪವಾಸವಾಗುತ್ತದೆ.

ದೊಡ್ಡ ಬದಲಾವಣೆ ಬಂದದ್ದು ಹೆರಿಗೆ ಆಸ್ಪತ್ರೆಗೆ ಸ್ಥಳಾಂತರಗೊಂಡಾಗ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ ಕರ್ನಾಟಕದಲ್ಲಿ ಆಸ್ಪತ್ರೆ ಹೆರಿಗೆಗಳು 1992-93ರಲ್ಲಿ ನೂರಕ್ಕೆ ಸುಮಾರು 38, 2005-06ರಲ್ಲಿ ಸುಮಾರು 65, 2019-20ರಲ್ಲಿ 97. ಜನನಿ ಸುರಕ್ಷಾ ಯೋಜನೆ, ಬಾಣಂತಿಗೂ ಕೂಸಿಗೂ ಬೇಕಾದ ವಸ್ತುಗಳನ್ನು ಕೊಡುವ 2007ರ ಮಡಿಲು ಕಿಟ್, 2008ರ 108 ಆಂಬುಲೆನ್ಸ್, ಬಡವರಿಗೆ ಖಾಸಗಿ ಆಸ್ಪತ್ರೆಯಲ್ಲಿ ಉಚಿತ ಹೆರಿಗೆಯ 2009ರ ತಾಯಿ ಭಾಗ್ಯ, ಊರಿನ ಆರೋಗ್ಯ ನೋಡಿಕೊಳ್ಳುವ ಆಶಾ ಕಾರ್ಯಕರ್ತೆಯರ ಓಡಾಟ ಇವೆಲ್ಲ ಸೇರಿ ಒಂದು ತಲೆಮಾರಿನೊಳಗೆ ಸೂಲಗಿತ್ತಿಯ ಕಸುಬೇ ಮುಗಿಯುವಂತಾಯಿತು. ಧನುರ್ವಾಯು ನಿರೋಧಕ ಚುಚ್ಚುಮದ್ದು ಬಹುಪಾಲು ಬಸುರಿಯರಿಗೆ ಸಿಕ್ಕ ಮೇಲೆ, ನವಜಾತ ಶಿಶುಗಳ ಧನುರ್ವಾಯು ನಿರ್ಮೂಲವಾಯಿತೆಂದು ಭಾರತಕ್ಕೆ 2015ರಲ್ಲಿ ಮಾನ್ಯತೆ ದೊರೆಯಿತು. ಮಾದರಿ ನೋಂದಣಿಯ ಪ್ರಕಾರ ಕರ್ನಾಟಕದ ಶಿಶುಮರಣ 2001ರ 58ರಿಂದ 2011ಕ್ಕೆ 35, 2020ಕ್ಕೆ 19 ಆಯಿತು. ಇದು ಸಣ್ಣ ಸಾಧನೆಯಲ್ಲ. ಆದರೆ ಮಡಿಲಿನಂಥ ನೆರವುಗಳನ್ನು ಮೊದಲ ಎರಡು ಹೆರಿಗೆಗಳಿಗೆ ಸೀಮಿತಗೊಳಿಸಿದ್ದು ವಿಚಿತ್ರ ವಿವೇಕ: ಮೂರನೆಯ, ನಾಲ್ಕನೆಯ ಕೂಸು ಹುಟ್ಟುವುದು ಹೆಚ್ಚಾಗಿ ಬಡವರ ಮನೆಯಲ್ಲಿ, ಅಪಾಯ ಹೆಚ್ಚಿರುವುದೂ ಅದಕ್ಕೇ. ದೇಶದ ಮಟ್ಟದಲ್ಲಿ 2019-21ರ ಸಮೀಕ್ಷೆ ಕಂಡಂತೆ ಪರಿಶಿಷ್ಟ ಜಾತಿ, ಪಂಗಡಗಳಲ್ಲಿ ಸಾವಿರಕ್ಕೆ ಸುಮಾರು 41 ಶಿಶುಗಳು ಸತ್ತರೆ, ಹಿಂದುಳಿದ ವರ್ಗಗಳಲ್ಲಿ 34, ಇತರರಲ್ಲಿ 28.

ಕಾಗದಪತ್ರವೂ ಒಂದು ಗೋಡೆಯಾಗಬಲ್ಲದು ಎಂಬುದು 2022ರ ನವೆಂಬರಿನಲ್ಲಿ ಜಿಲ್ಲಾ ಕೇಂದ್ರದಲ್ಲೇ ಕಂಡಿತು. ಬಸುರಿಯ ತಪಾಸಣೆಗಳನ್ನು ದಾಖಲಿಸುವ ತಾಯಿ ಕಾರ್ಡ್ ಮತ್ತು ಆಧಾರ್ ಇಲ್ಲವೆಂಬ ಕಾರಣಕ್ಕೆ ಜಿಲ್ಲಾ ಆಸ್ಪತ್ರೆಯಲ್ಲಿ ದಾಖಲು ಮಾಡಿಕೊಳ್ಳಲಿಲ್ಲವೆಂಬ ಆರೋಪದ ನಡುವೆ, ತಮಿಳುನಾಡಿನಿಂದ ಬಂದು ತುಮಕೂರಿನ ಬಾಡಿಗೆ ಕೋಣೆಯಲ್ಲಿದ್ದ ಬಡ ಹೆಂಗಸೊಬ್ಬಳು ಮನೆಯಲ್ಲೇ ಅವಳಿ ಮಕ್ಕಳನ್ನು ಹೆತ್ತು, ಮೂವರೂ ತೀರಿಕೊಂಡರು. ವೈದ್ಯೆಯನ್ನೂ ದಾದಿಯರನ್ನೂ ಅಮಾನತು ಮಾಡಲಾಯಿತು.

ಇನ್ನು ಹಟ್ಟಿ. ಕಾಡುಗೊಲ್ಲರು ಚಿಕ್ಕನಾಯಕನಹಳ್ಳಿ, ಶಿರಾ, ಗುಬ್ಬಿ, ತುಮಕೂರು ತಾಲ್ಲೂಕುಗಳ ಉದ್ದಕ್ಕೂ ಊರಿನಿಂದ ದೂರವಾಗಿ ಗೊಲ್ಲರಹಟ್ಟಿಗಳನ್ನು ಕಟ್ಟಿಕೊಂಡು ಕುರಿ ಸಾಕಿದ ಸಮುದಾಯ. ಜುಂಜಪ್ಪ, ಎತ್ತಪ್ಪರಂಥ ವೀರರನ್ನು ಹಾಡಿ ಉಳಿಸಿಕೊಂಡ ಅವರ ಮೌಖಿಕ ಪರಂಪರೆ ಕನ್ನಡ ಜಾನಪದದ ದೊಡ್ಡ ಆಸ್ತಿ. ಅದೇ ದೈವಗಳ ಮಡಿಗೆ ಭಂಗ ಬರಬಾರದೆಂಬ ನಂಬಿಕೆಯಿಂದ ಮುಟ್ಟಾದವರನ್ನೂ ಹಸಿ ಬಾಣಂತಿಯನ್ನೂ ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಬೆಳೆದಿತ್ತು. ಹೆತ್ತವಳು ಕೂಸಿನೊಂದಿಗೆ ಹಟ್ಟಿಯಾಚೆಯ ಸಣ್ಣ ಗುಡಿಸಲಿನಲ್ಲಿ ಏಳರಿಂದ ಮೂವತ್ತು ದಿನ ಇರುತ್ತಾಳೆಂದು, ಕಾಯಿಲೆ ಬಿದ್ದರೂ ಸ್ವಜಾತಿಯವರು ಮುಟ್ಟದೆ ಬೇಡರ ಹೆಂಗಸೊಬ್ಬಳು ನೋಡಿಕೊಳ್ಳುತ್ತಾಳೆಂದು 1901ರ ಮೈಸೂರು ಜನಗಣತಿ ವರದಿ ಬರೆದಿದೆ. ಬರೆದವರಿಗೆ ಅದೊಂದು ಕುತೂಹಲದ ಆಚಾರವಾಗಿತ್ತೇ ಹೊರತು, ಏಳರಿಂದ ಮೂವತ್ತು ದಿನ ಎಂಬ ಅವಧಿ ನವಜಾತ ಶಿಶುವಿನ ಅತ್ಯಂತ ಅಪಾಯದ ದಿನಗಳೆಂಬ ಗಮನ ಇರಲಿಲ್ಲ. ತೂಕ ಕಡಿಮೆಯಿರುವ ಕೂಸಿಗೆ ಮೈಯ ಕಾವನ್ನು ತಾನೇ ಕಾಯ್ದುಕೊಳ್ಳುವ ಶಕ್ತಿ ಇರುವುದಿಲ್ಲ. ಚಳಿ ಹೊಕ್ಕರೆ ಅದು ಮೊದಲು ಹಾಲು ಚೀಪುವುದನ್ನು ಬಿಡುತ್ತದೆ, ಹಾಲು ನಿಂತರೆ ಇನ್ನಷ್ಟು ತಣ್ಣಗಾಗುತ್ತದೆ.

ಕರ್ನಾಟಕದಲ್ಲಿ ಶಿಶುಮರಣ 25.4 ಎಂದು 2019-20ರ ಕುಟುಂಬ ಆರೋಗ್ಯ ಸಮೀಕ್ಷೆ ಲೆಕ್ಕ ಹಾಕಿದಾಗ ಅದರಲ್ಲಿ 15.8 ಈ ಮೊದಲ 28 ದಿನಗಳವು. ಹೆರಿಗೆ ಆಸ್ಪತ್ರೆಯಲ್ಲಾದರೂ ಎರಡು ಮೂರು ದಿನದಲ್ಲಿ ತಾಯಿ ಮಗು ಮರಳುವುದು ತಮ್ಮ ನೆಲೆಗೇ. ಅದಕ್ಕಾಗಿಯೇ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಹೋಗಿ ಕೂಸಿನ ತೂಕ, ಮೈಯ ಕಾವು, ಹೊಕ್ಕುಳು ನೋಡಬೇಕೆಂಬ ನಿಯಮವಿದೆ. ಇತ್ತ ಮುಟ್ಟಾದವರನ್ನೂ ಬಸುರಿ ಬಾಣಂತಿಯರನ್ನೂ ಊರ ಹೊರಗೆ ಇರಿಸುವಂಥ ಬಲವಂತದ ಪ್ರತ್ಯೇಕತೆ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆಯ ಪ್ರಕಾರ ಅಪರಾಧ. ಆ ಕಾಯ್ದೆ ಜಾರಿಗೆ ಬಂದದ್ದು 2020ರಲ್ಲಿ.

2023ರ ಜುಲೈ ತಿಂಗಳ ಮಳೆಯಲ್ಲಿ, ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ತಾಯಿಯೊಂದಿಗೆ ಇರಿಸಲಾಗಿದ್ದ, ಹುಟ್ಟಿ ತಿಂಗಳಾದ ಹೆಣ್ಣು ಕೂಸೊಂದು ಶೀತಕ್ಕೆ ತುತ್ತಾಗಿ ಸತ್ತಿತು. ಅದರ ಅವಳಿ ಕೂಸು ಅದಕ್ಕೂ ಮೊದಲೇ ಆಸ್ಪತ್ರೆಯಲ್ಲಿ ತೀರಿಕೊಂಡಿತ್ತು. ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗೆ ಬಂದು ತಿಳಿಹೇಳಿದರು, ಪ್ರಕರಣ ದಾಖಲಾಯಿತು. ಕೆಲವೇ ವಾರಗಳಲ್ಲಿ ನೆರೆಯ ಗುಬ್ಬಿ ತಾಲ್ಲೂಕಿನ ಇನ್ನೊಂದು ಗೊಲ್ಲರಹಟ್ಟಿಯ ಹೊರಗೆ ಅಂಥದೇ ಗುಡಿಸಲಿನಲ್ಲಿ ಬಾಣಂತಿಯೊಬ್ಬಳು ಕೂಸನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದುದು ಬೆಳಕಿಗೆ ಬಂದು, ನ್ಯಾಯಾಧೀಶರೇ ಅಲ್ಲಿಗೆ ಹೋಗಿ ಇಬ್ಬರನ್ನೂ ಹಟ್ಟಿಯೊಳಗಿನ ಮನೆಗೆ ಸೇರಿಸಿದರು.